ಕೈದಿಗೆ ಕಾಯಿಲೆ ಬಂದರೆ: ಬ್ಯಾರಕ್‌ನಿಂದ ಆಸ್ಪತ್ರೆಯವರೆಗಿನ ದಾರಿ

ಜೈಲಿನೊಳಗೆ ಆಸ್ಪತ್ರೆ ಇರಬೇಕೆಂದು 1894ರ ಕಾರಾಗೃಹ ಕಾಯ್ದೆಯೇ ಹೇಳಿತ್ತು. ಕೈದಿಗೆ ಹುಷಾರಿಲ್ಲವೆಂದರೆ ಕಾವಲಿನವರು ತಡಮಾಡದೆ ಜೈಲರ್‌ಗೆ ತಿಳಿಸಬೇಕೆಂದೂ ಅದರಲ್ಲಿದೆ. ಆಮೇಲೆ ಸ್ವಾತಂತ್ರ್ಯ ಬಂತು, ಕೆಲವು ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡವು, 1983ರಲ್ಲಿ ಜೈಲು ಸುಧಾರಣೆಗೆಂದು ನೇಮಿಸಿದ್ದ ಮುಲ್ಲಾ ಸಮಿತಿಯ ವರದಿಯೂ ಬಂತು.

ಮುಂದಿನ ತಿರುವು ಬೆಂಗಳೂರಿನದು. ಇಲ್ಲಿನ ಕೇಂದ್ರ ಕಾರಾಗೃಹದಿಂದ ರಾಮಮೂರ್ತಿ ಎಂಬ ಕೈದಿ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಕೈಗೆತ್ತಿಕೊಂಡಿತು. 1996ರ ರಾಮಮೂರ್ತಿ ತೀರ್ಪು ಒಂಬತ್ತು ಸಮಸ್ಯೆಗಳನ್ನು ಎಣಿಸಿತು: ಮೊದಲನೆಯದು ದಟ್ಟಣೆ, ನಾಲ್ಕನೆಯದು ಆರೋಗ್ಯದ ಕಡೆಗಣನೆ. ತೀರ್ಪಿನಲ್ಲಿ ಜೊತೆಗಿದ್ದ ಈ ಎರಡು ಸಮಸ್ಯೆಗಳು ಕಚೇರಿಗಳಿಗೆ ಬಂದಾಗ ಬೇರೆ ಬೇರೆ ಕಡತಗಳಾದವು. ತೊಡಕು ಅಲ್ಲಿಂದಲೇ ಬೆಳೆಯಿತು.

ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ ಬ್ಯಾರಕ್‌ನಲ್ಲಿ ತಲಾ 3.71 ಚದರ ಮೀಟರ್ ಜಾಗ ಬೇಕು. 2022ರ ಕೊನೆಗೆ ದೇಶದ ಜೈಲುಗಳ ಸಾಮರ್ಥ್ಯ 4,36,266, ಒಳಗಿದ್ದವರು 5,73,220. ಅಂದರೆ ಅಳತೆಗೆ ತಕ್ಕಂತೆ ಕಟ್ಟಿದ ಬ್ಯಾರಕ್‌ನಲ್ಲೂ ಸರಾಸರಿ 2.8 ಚದರ ಮೀಟರ್, ಒಂದು ಚಾಪೆ ಹಾಸಿ ಮಗ್ಗುಲು ಬದಲಿಸುವಷ್ಟು. ಕ್ಷಯ, ಕಜ್ಜಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಕಫ ಪರೀಕ್ಷೆಯಲ್ಲಿ ಕ್ಷಯ ಗೊತ್ತಾದರೂ ಪ್ರತ್ಯೇಕವಾಗಿ ಮಲಗಿಸಲು ಕೋಣೆ ಇರುವುದಿಲ್ಲ. ಆರು ತಿಂಗಳ ಮಾತ್ರೆಯ ನಡುವೆ ಜಾಮೀನು ಸಿಕ್ಕಿತೆನ್ನಿ: ಚಿಕಿತ್ಸೆಯ ಚೀಟಿ ಜೈಲಿನಲ್ಲೇ ಉಳಿದರೆ ಊರಿನ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಮುಂದುವರಿಯುವುದು ಕಷ್ಟ.

300 ಕೈದಿಗಳಿಗೆ ಒಬ್ಬ ವೈದ್ಯರಿರಬೇಕು ಎಂಬುದು ಅದೇ 2016ರ ಕೈಪಿಡಿಯ ಲೆಕ್ಕ. ವೈದ್ಯರಿದ್ದರೂ ಎದೆನೋವಿಗೋ ಡಯಾಲಿಸಿಸ್‌ಗೋ ಹೊರಗಿನ ಆಸ್ಪತ್ರೆಯೇ ಗತಿ. ವೈದ್ಯರು ಚೀಟಿ ಬರೆಯುತ್ತಾರೆ, ಜೈಲು ಪೊಲೀಸರಿಗೆ ಬೆಂಗಾವಲು ಕೇಳುತ್ತದೆ. ಅದೇ ಸಿಬ್ಬಂದಿ ಕೋರ್ಟ್ ಹಾಜರಿಗೂ ಬೇಕು, ಬಂದೋಬಸ್ತಿಗೂ ಬೇಕು. ಕೋರ್ಟ್ ದಿನಾಂಕ ತಪ್ಪಿದರೆ ನ್ಯಾಯಾಧೀಶರು ಕೇಳುತ್ತಾರೆ, ಸ್ಕ್ಯಾನಿಂಗ್ ದಿನಾಂಕ ತಪ್ಪಿದರೆ ಕೇಳುವವರು ಯಾರು? ಹೀಗೆ ಒಪಿಡಿ ಚೀಟಿ ವಾರಗಟ್ಟಲೆ ಮುಂದಕ್ಕೆ ಹೋಗುತ್ತದೆ.

ಮತ್ತೆ ದಟ್ಟಣೆಗೆ ಬರೋಣ: ಒಳಗಿರುವವರಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು, ಅಂದರೆ ತೀರ್ಪು ಇನ್ನೂ ಬರದವರು. ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದವರನ್ನು ಜಾಮೀನಿನ ಮೇಲೆ ಬಿಡಬೇಕೆಂಬ, ದಂಡ ಪ್ರಕ್ರಿಯಾ ಸಂಹಿತೆಯ 436ಎ ಕಲಂ 2006ರಲ್ಲಿ ಜಾರಿಗೆ ಬಂತು. 2024ರಿಂದ ಅದರ ಜಾಗದಲ್ಲಿ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇದೆ: ಮೊದಲ ಬಾರಿಯ ಆರೋಪಿಗೆ ಮೂರನೇ ಒಂದು ಭಾಗ ಸಾಕು, ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದು. ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಪ್ರಕರಣಗಳಿಗೆ ಇದು ಸಲ್ಲದು. ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿದ್ದವರಿಗೂ ಇಲ್ಲ. ಸಣ್ಣ ಕಳವಿನ ಎರಡು ಕೇಸುಗಳಿರುವ ಮಧುಮೇಹಿಯೊಬ್ಬ ಇದೇ ಸಾಲಿಗೆ ಸೇರುತ್ತಾನೆ.