ಹೆದ್ದಾರಿ ನಾಲ್ಕು ಲೇನ್ ಆದರೂ 40ರ ಬೋರ್ಡ್ ಯಾಕೆ?

ಓದುಗರ ಪ್ರಶ್ನೆ: ಕುಷ್ಟಗಿಯಿಂದ ಹೊಸಪೇಟೆಗೆ ಆಗಾಗ ಕಾರಲ್ಲಿ ಹೋಗುತ್ತೇನೆ. ನಾಲ್ಕು ಲೇನಿನ ರಸ್ತೆ, ನಡುವೆ ಡಿವೈಡರ್ ಇದೆ. ಇಂಥ ರಸ್ತೆಯಲ್ಲಿ 100ರವರೆಗೂ ಹೋಗಬಹುದು ಅಂತಾರೆ. ಹಾಗಿದ್ದರೆ ಕ್ರಾಸ್ ಬಂದಲ್ಲಿ 60, 40 ಅಂತ ಬೋರ್ಡ್ ಹಾಕಿದರೆ ಅದಕ್ಕೆ ಬೆಲೆ ಇದೆಯಾ?

ಇದೆ. ಬೋರ್ಡ್ ಇರುವ ಕಡೆ ಬೋರ್ಡಿನದೇ ಮಾತು.

ನೀವು ಹೇಳುವ 100 ಬಂದಿದ್ದು ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆಯಿಂದ. ಡಿವೈಡರ್ ಇರುವ ನಾಲ್ಕು ಲೇನಿನಲ್ಲಿ ಕಾರಿಗೆ 100, ಬಸ್ಸಿಗೆ 90, ಲಾರಿಗೂ ಬೈಕಿಗೂ 80 ಕಿ.ಮೀ. ಅದಕ್ಕಿಂತ ಮೇಲೆ ಹೋಗುವಂತಿಲ್ಲ ಅಂತಷ್ಟೇ ಅದರ ಅರ್ಥ. ಬೇಕಾದ ಕಡೆ ಮಿತಿ ಇಳಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಗೆಜೆಟ್‌ನಲ್ಲಿ ಪ್ರಕಟಿಸಿ, ರಸ್ತೆಯಲ್ಲಿ ಬೋರ್ಡ್ ನಿಲ್ಲಿಸಬೇಕು. ಒಂದು ತಿಂಗಳ ಒಳಗಿನ ಮಿತಿಗೆ ಗೆಜೆಟ್ ಕೂಡ ಬೇಕಿಲ್ಲ.

ರಸ್ತೆ ನುಣ್ಣಗಿದ್ದ ಮೇಲೂ ಇಳಿಸುವುದು ಯಾಕೆ? ನಮ್ಮ ಹೆದ್ದಾರಿಯಲ್ಲಿ ಓಡಾಡುವುದು ಕಾರು, ಲಾರಿ ಮಾತ್ರ ಅಲ್ವಲ್ಲ. ಭತ್ತ ತುಂಬಿದ ಟ್ರ್ಯಾಕ್ಟರ್ ಹಿಂದೆ ಲೈಟೇ ಇಲ್ಲದೆ ಹೊರಟಿರುತ್ತದೆ. ಹಿಟ್ನಾಳ, ಹುಲಿಗಿ ಕಡೆ ಹುಣ್ಣಿಮೆ ಬಂತೆಂದರೆ ಹುಲಿಗೆಮ್ಮನ ಭಕ್ತರು ಸಾಲುಸಾಲಾಗಿ ನಡೆದು ಬರುತ್ತಾರೆ. ಇನ್ನು ಕುರಿ ಹಿಂಡು, ಅದಕ್ಕೆ ಹೊತ್ತು ಗೊತ್ತು ಇಲ್ಲ.

ಒಂದು ಲೆಕ್ಕ ನೋಡಿ. ಎತ್ತಿನ ಗಾಡಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಹೋಗುತ್ತದೆ ಅಂದುಕೊಳ್ಳಿ. ಒಂದು ಬದಿಯ ಎರಡು ಲೇನ್ ದಾಟಿ, ಗಾಡಿಯ ಹಿಂಭಾಗವೂ ಆಚೆ ಸೇರಲು ಸುಮಾರು 10 ಮೀಟರ್ ಸಾಗಬೇಕು. ಅದಕ್ಕೇ 9 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ 100ರಲ್ಲಿ ಬರುವ ಕಾರು 250 ಮೀಟರ್ ಬಂದಿರುತ್ತದೆ. 60ರಲ್ಲಿದ್ದರೆ 150 ಮೀಟರ್. ಬ್ರೇಕ್ ಒತ್ತಿದ ಮೇಲೆ ಕಾರು ಜಾರುವ ದೂರವೂ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬೆಳೆಯುತ್ತದೆ. 80ರಿಂದ 100ಕ್ಕೆ ಏರಿದರೆ ಆ ದೂರ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಕ್ರಾಸ್‌ಗೆ ಮುಂಚೆ ಗಡಗಡ ಅನ್ನಿಸುವ ದಪ್ಪ ಪಟ್ಟೆಗಳು, ಹಳದಿ ಬ್ಲಿಂಕರ್, ರಾತ್ರಿ ಮಿನುಗುವ ಕ್ಯಾಟ್ ಐ, ತಿರುವಿನಲ್ಲಿ ಕ್ರ್ಯಾಶ್ ಬ್ಯಾರಿಯರ್ ಹಾಕುವುದೆಲ್ಲ ಈ ಕಾರಣಕ್ಕೇ. ಸುಮಾರು 500 ಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆದರೆ, ಇಲ್ಲವೇ 10 ಜನ ಸತ್ತರೆ, ಆ ಜಾಗ 'ಬ್ಲ್ಯಾಕ್ ಸ್ಪಾಟ್' ಪಟ್ಟಿಗೆ ಸೇರುತ್ತದೆ. ಅಲ್ಲಿಯವರೆಗೂ ಕಾಯಬೇಕಾ ಅನ್ನುವುದು ನನ್ನ ತಕರಾರು.

ಇನ್ನೊಂದು ತಕರಾರೂ ಇದೆ. ಸುರಕ್ಷತೆ ಅಂತ ಡಿವೈಡರ್‌ನ ದಾರಿ ಮುಚ್ಚುತ್ತಾರೆ, ಆದರೆ ಸರ್ವಿಸ್ ರಸ್ತೆಯನ್ನೂ ಕೊಡುವುದಿಲ್ಲ, ಅಂಡರ್‌ಪಾಸನ್ನೂ ಕೊಡುವುದಿಲ್ಲ. ಹೊಲಕ್ಕೆ ಹೋಗುವವನು ಕಿಲೋಮೀಟರ್‌ಗಟ್ಟಲೆ ಸುತ್ತಿ ಬರುತ್ತಾನಾ? ರಾಂಗ್ ಸೈಡಲ್ಲೇ ಬೈಕ್ ತಿರುಗಿಸುತ್ತಾನೆ. ಅವನನ್ನು ಬೈಯುವ ಮುಂಚೆ ದಾರಿ ಎಲ್ಲಿದೆ ಅಂತ ಕೇಳಬೇಕು. ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ, ರಸ್ತೆ ಮಾಡಿದವರಿಗೂ 1 ಲಕ್ಷ ರೂಪಾಯಿವರೆಗೆ ದಂಡ ಹಾಕುವ 198ಎ ಸೆಕ್ಷನ್ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದಿದೆ.

ನಿಮ್ಮ ವಿಷಯಕ್ಕೆ ಬಂದರೆ, ಬೋರ್ಡಿನ ಮಿತಿ ಮೀರಿದ ಕಾರಿಗೆ ಕಾಯ್ದೆ ಹೇಳುವ ದಂಡ 1,000ದಿಂದ 2,000 ರೂಪಾಯಿ. 130 ದಾಟಿದರೆ ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ ಎಫ್ಐಆರ್ ಹಾಕುತ್ತಿದ್ದಾರೆ. ಬೋರ್ಡ್ ಜಾಲಿ ಗಿಡದ ಹಿಂದೆ ಮರೆಯಾಗಿದ್ದರೆ, ಬ್ಲಿಂಕರ್ ಕೆಟ್ಟಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ನೋಡಿ ಇಟ್ಟುಕೊಂಡಿರಿ, ಜಾಗ ಹೇಳಲು ಅದೇ ಸುಲಭ.