ರಿಬೇಟ್ ಜಿಗ್ ಅಂದರೇನು?

ಮಲೆನಾಡಿನ ಹಳೇ ಮನೆಯ ಬಾಗಿಲು ಹಾಕಿ ನೋಡಿ. ಕದ ಹೋಗಿ ಕೂರಲು ದಾರಂದದ ಉದ್ದಕ್ಕೂ ಒಂದು ಮೆಟ್ಟಿಲು ತೆಗೆದಿರುತ್ತಾರಲ್ಲ, ಅದೇ ರಿಬೇಟ್. ಹಲಗೆಯ ನಡುವೆ ಹಾಯುವ ಗ್ರೂವ್‌ಗೆ ಎರಡು ಗೋಡೆ ಇರುತ್ತವೆ, ಅಂಚಿನಲ್ಲಿರುವ ರಿಬೇಟ್‌ಗೆ ಒಂದೇ. ಹಲಸು, ಸಾಗುವಾನಿಯಲ್ಲಿ ಆಚಾರ್ರು ಇದನ್ನು ಉಳಿ, ಕೀಸುಳಿಯಲ್ಲೇ ತೆಗೆಯುತ್ತಿದ್ದರು. ಪ್ಲೈವುಡ್ಡಿನಲ್ಲಿ ಆ ಆಟ ನಡೆಯುವುದಿಲ್ಲ. ಅದರ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಇರುತ್ತವೆ, ನಡುವಿನ ಅಂಟು ಉಳಿಯ ಬಾಯಿ ಮೊಂಡು ಮಾಡುತ್ತದೆ. ಹಾಗಾಗಿ ರೂಟರ್ ಬೇಕು, ಅಂದರೆ ಗಿರಗಿರನೆ ತಿರುಗುವ ಅಲಗಿನಿಂದ (ಅದೇ ಬಿಟ್) ಮರ ಕೊಯ್ಯುವ ಕರೆಂಟಿನ ಯಂತ್ರ.

ರೂಟರ್ ಅನ್ನು ಬರೀ ಕೈಯಲ್ಲಿ ಹಿಡಿದು ನೇರ ಓಡಿಸುವುದು ಯಾರಿಗೂ ಆಗದ ಮಾತು. ಅದಕ್ಕೆ ದಾರಿ ತೋರಿಸುವ ಪಟ್ಟಿಯೇ ಜಿಗ್. ದುಡ್ಡು ಕೊಟ್ಟು ತರುವಂಥದ್ದೇನೂ ಅಲ್ಲ, ಉಳಿಕೆ ತುಂಡುಗಳೇ ಸಾಕು. 6 ಮಿ.ಮೀ. ಪ್ಲೈಯ ಅಗಲವಾದ ಪಟ್ಟಿ ತಗೊಳ್ಳಿ. ಅದರ ಒಂದು ಬದಿಗೆ ನೇರವಾದ ರೀಪು ಇಟ್ಟು ಫೆವಿಕಾಲ್, ಸ್ಕ್ರೂ ಹಾಕಿ. ಇನ್ನೊಂದು ಬದಿ ಬೇಕಂತಲೇ ಜಾಸ್ತಿ ಇರಲಿ. ಈಗ ರೂಟರ್ ಅನ್ನು ರೀಪಿಗೆ ಒತ್ತಿ ಒಮ್ಮೆ ಓಡಿಸಿ. ಜಾಸ್ತಿ ಇದ್ದ ಭಾಗ ಕತ್ತರಿಸಿ ಬೀಳುತ್ತದೆ. ಉಳಿದ ಅಂಚು ಇದೆಯಲ್ಲ, ಬಿಟ್ ಕೊಯ್ಯುವುದು ಕರೆಕ್ಟಾಗಿ ಅಲ್ಲಿಂದಲೇ. ಮುಂದೆ ಯಾವ ಹಲಗೆಯಾದರೂ ಆ ಅಂಚನ್ನು ಪೆನ್ಸಿಲ್ ಗೆರೆಗೆ ಕೂರಿಸಿ ಕ್ಲಾಂಪ್ ಹಾಕಿದರಾಯಿತು. ಲೆಕ್ಕ ಹಾಕುವ ತಲೆನೋವಿಲ್ಲ.

ಉದಾಹರಣೆಗೆ 18 ಮಿ.ಮೀ. ಹಲಗೆಯ ಕಪಾಟು, ಬೆನ್ನಿಗೆ 6 ಮಿ.ಮೀ. ಪ್ಲೈ. ಅಂಚಿನಿಂದ 6 ಮಿ.ಮೀ. ಅಗಲ, 9 ಮಿ.ಮೀ. ಆಳ ತೆಗೆಯಿರಿ. ಅರ್ಧಕ್ಕಿಂತ ಆಳ ಹೋದರೆ ಹಲಗೆಗೆ ಬಲ ಇರುವುದಿಲ್ಲ. ಬೆನ್ನಿನ ಪ್ಲೈಯದೇ ತುಂಡು ಇಟ್ಟು ಗೆರೆ ಹಾಕಿ. ಅಂಗಡಿಯಲ್ಲಿ ಹೇಳುವ ದಪ್ಪಕ್ಕೂ ನಿಜವಾದ ದಪ್ಪಕ್ಕೂ ಸ್ವಲ್ಪ ವ್ಯತ್ಯಾಸ ಇರುವುದುಂಟು. ಗೆರೆಯ ಮೇಲೆ ಮೊದಲು ಕಟರ್ ಬ್ಲೇಡ್ ಎಳೆದರೆ ಮೇಲಿನ ಪದರ ಸಿಬಿರು ಏಳುವುದಿಲ್ಲ. ಒಂದೇ ಸಲಕ್ಕೆ ಕೊಯ್ಯಬೇಡಿ, 3 ಮಿ.ಮೀ.ನಂತೆ ಮೂರು ಸಲ ಸಾಕು. ರೂಟರ್ ಕೂರುವುದು ಜಿಗ್‌ನ ಮೇಲೆ, ಹಾಗಾಗಿ ಬಿಟ್ ಇಳಿಸುವಾಗ ಜಿಗ್‌ನ 6 ಮಿ.ಮೀ. ಕೂಡಿಸಿಕೊಳ್ಳಿ. ರೀಪು ನಿಮ್ಮ ಎಡಕ್ಕಿರಲಿ, ರೂಟರ್ ಅನ್ನು ಮುಂದಕ್ಕೆ ತಳ್ಳಿ. ಆಗ ಬಿಟ್ ತಿರುಗುವ ರಭಸಕ್ಕೆ ಯಂತ್ರ ತಾನೇ ರೀಪಿಗೆ ಒತ್ತಿಕೊಳ್ಳುತ್ತದೆ. ಉಲ್ಟಾ ಹಿಡಿದರೆ ಗೆರೆ ಬಿಟ್ಟು ಓಡುತ್ತದೆ. ಕನ್ನಡಕ, ಮಾಸ್ಕ್ ಬೇಕೇ ಬೇಕು.

ಒಂದು ಜಿಗ್ ಒಂದೇ ಅಳತೆಯ ಬಿಟ್‌ಗೆ. 12 ಮಿ.ಮೀ. ಬಿಟ್‌ಗೆ ಮಾಡಿದ್ದಕ್ಕೆ 6ರದ್ದು ಹಾಕಿದರೆ ಕಚ್ಚು ಗೆರೆಯಿಂದ 3 ಮಿ.ಮೀ. ಆಚೆ ಬೀಳುತ್ತದೆ. ದೊಡ್ಡದು ಹಾಕಿದರೆ ಜಿಗ್ಗನ್ನೇ ತಿನ್ನುತ್ತದೆ. ಅದಕ್ಕೇ ಬಿಟ್‌ನ ಅಳತೆ ಜಿಗ್ ಮೇಲೆ ಬರೆದಿಡುವುದು ಒಳ್ಳೆಯದು.

ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಇನ್ನೊಂದು ಮಾತು. ರಿಬೇಟ್ ತೆಗೆದ ಜಾಗದಲ್ಲಿ ಪ್ಲೈಯ ಪದರಗಳು ಬಾಯಿಬಿಟ್ಟಿರುತ್ತವೆ, ಮಳೆಗಾಲದ ಥಂಡಿ ಹೀರುವುದು ಅಲ್ಲಿಂದಲೇ. ಬೆನ್ನು ಕೂರಿಸುವ ಮುಂಚೆ ಅಲ್ಲಿಗೆ ಒಂದು ಕೈ ಪ್ರೈಮರ್ ಬಳಿಯಿರಿ. ಬೆನ್ನಿನ ಹಲಗೆಯನ್ನೂ ಎಲ್ಲಾ ಕಡೆ ಒಂದು ಮಿ.ಮೀ. ಚಿಕ್ಕದಾಗಿ ಕೊಯ್ಯಿರಿ, ಆಷಾಢದಲ್ಲಿ ಉಬ್ಬಿದರೂ ಜಾಗ ಇರುತ್ತದೆ.