ಕಂಪ್ಯೂಟರ್ ನಿಧಾನವಾದರೆ ಮೊದಲು ಟಾಸ್ಕ್ ಮ್ಯಾನೇಜರ್ ನೋಡಿ

ಕಂಪ್ಯೂಟರ್ ನಿಧಾನವಾಯಿತು ಅಂದ ಕೂಡಲೇ ಫೈಲ್ ಅಳಿಸುತ್ತಾ ಕೂರುವವರೇ ಜಾಸ್ತಿ. ಅದರಿಂದ ಜಾಗ ಸಿಗುತ್ತದೆ, ಆದರೆ ವೇಗ ಸಿಗುತ್ತದೆ ಅಂತೇನಿಲ್ಲ. ಡಿಸ್ಕ್ ಪೂರ್ತಿ ತುಂಬಿಹೋಗಿದ್ದರೆ ಮಾತ್ರ ಆ ಮಾತು ಬೇರೆ. ತಡ ಎಲ್ಲಿ ಆಗ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು. ಈ ಟಿಪ್ಪಣಿ ವಿಂಡೋಸ್ 10 ಮತ್ತು 11 ಇರುವವರಿಗೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸಸ್ ಪುಟದಲ್ಲಿ ಸಿಪಿಯು (ಕಂಪ್ಯೂಟರ್‌ನ ಮುಖ್ಯ ಚಿಪ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್ ಅಂತ ಕಾಲಂಗಳಿವೆ. ಕಂಪ್ಯೂಟರ್ ತಡವರಿಸುತ್ತಿರುವಾಗಲೇ ನೋಡಿ. ಯಾವುದು 100ರ ಹತ್ತಿರ ನಿಂತಿದೆಯೋ ಆ ಹೆಸರಿನ ಮೇಲೆ ಕ್ಲಿಕ್ ಮಾಡಿ. ಜಾಸ್ತಿ ಬಳಸುತ್ತಿರುವ ಪ್ರೋಗ್ರಾಂ ಪಟ್ಟಿಯ ಮೇಲಕ್ಕೆ ಬರುತ್ತದೆ.

ಇಲ್ಲೇ ಎಡವುವುದು. ಡಿಸ್ಕ್ 100 ತೋರಿಸಿದರೆ ತೊಂದರೆ ಡಿಸ್ಕಿನದೇ ಆಗಿರಬೇಕಿಲ್ಲ. ರ‍್ಯಾಮ್ ಸಾಲದೇ ಹೋದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿನಲ್ಲಿರುವ ಪೇಜ್‌ಫೈಲ್‌ಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಬರೀ ಅರ್ಧ ಸುತ್ತು ಬರೋಕೆ 5 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು. ರ‍್ಯಾಮ್‌ನದ್ದು ನ್ಯಾನೊಸೆಕೆಂಡ್‌ಗಳ ಲೆಕ್ಕ. ಹಾಗಾಗಿ ಮೆಮೊರಿ, ಡಿಸ್ಕ್ ಎರಡೂ ಮೇಲೇರಿದ್ದರೆ ಮೊದಲು ಮೆಮೊರಿಯನ್ನೇ ಹಗುರ ಮಾಡಿ.

ಹಗುರ ಮಾಡೋದು ಅಂದರೆ ಬಹುಪಾಲು ಬ್ರೌಸರ್ ಕೆಲಸ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂ) ಎಷ್ಟು ಮೆಮೊರಿ ಹಿಡಿದಿದೆ ಅಂತ ಒಂದೊಂದಾಗಿ ಕಾಣುತ್ತದೆ. ಬಳಸದ ಎಕ್ಸ್‌ಟೆನ್ಷನ್ ತೆಗೆದುಬಿಡಿ. ಕ್ರೋಮ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಿದರೆ ಸುಮ್ನೆ ಬಿದ್ದಿರುವ ಟ್ಯಾಬ್‌ಗಳು ಮೆಮೊರಿ ಬಿಟ್ಟುಕೊಡುತ್ತವೆ. ‘ರ‍್ಯಾಮ್ ಬೂಸ್ಟರ್’ ಅಂತ ಬರುವ ಪ್ರೋಗ್ರಾಂಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಅವು ಸಾಮಾನ್ಯವಾಗಿ ಬೇಕಾದ್ದನ್ನೂ ರ‍್ಯಾಮ್‌ನಿಂದ ಹೊರಗೆ ತಳ್ಳಿ ಖಾಲಿ ಜಾಗ ತೋರಿಸುತ್ತವೆ. ಆಮೇಲೆ ಅದನ್ನೆಲ್ಲ ಮತ್ತೆ ಡಿಸ್ಕಿನಿಂದ ತರಬೇಕಲ್ವಾ?

ಆನ್ ಆದ ತಕ್ಷಣ ಮಾತ್ರ ನಿಧಾನ ಅನ್ನುವವರು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟ ನೋಡಿ. ಚಾಟ್, ಗೇಮ್ ಲಾಂಚರ್, ಮ್ಯೂಸಿಕ್ ಪ್ಲೇಯರ್ ಇವನ್ನೆಲ್ಲ ಡಿಸೇಬಲ್ ಮಾಡಬಹುದು. ಪ್ರೋಗ್ರಾಂ ಅಳಿಸಿಹೋಗೋದಿಲ್ಲ, ತಾನಾಗಿ ಶುರುವಾಗೋದು ನಿಲ್ಲುತ್ತದೆ ಅಷ್ಟೇ. ಆ್ಯಂಟಿವೈರಸ್, ಸೌಂಡ್, ಟಚ್‌ಪ್ಯಾಡ್‌ಗೆ ಸೇರಿದ್ದನ್ನು ಹಾಗೇ ಬಿಡಿ.

ದಿನಾ ಶಟ್‌ಡೌನ್ ಮಾಡ್ತೀನಿ, ಆದರೂ ಸರಿಹೋಗಿಲ್ಲ ಅನ್ನುವವರಿಗೆ ಒಂದು ವಿಷಯ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ, ಶಟ್‌ಡೌನ್ ಕೊಟ್ಟಾಗ ವಿಂಡೋಸ್‌ನ ಒಳಭಾಗ ಡಿಸ್ಕಿನಲ್ಲಿ ಉಳಿಯುತ್ತದೆ, ಮುಂದಿನ ಸಲ ಅದೇ ವಾಪಸ್ ಬರುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಿ.

ಡಿಫ್ರಾಗ್, ಅಂದರೆ ಡಿಸ್ಕಿನಲ್ಲಿ ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸೋದು, ತಿರುಗುವ ಹಾರ್ಡ್ ಡಿಸ್ಕಿಗೆ ಮಾತ್ರ. ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ಡಿಸ್ಕ್) ಬೇಡ.

ಇನ್ನು ಬಿಸಿ. ಭಾರದ ಕೆಲಸ ನಡೆಯುವಾಗ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಸ್ಪೀಡ್ ನೋಡಿ. ಅಲ್ಲೇ ಬರೆದಿರುವ ಬೇಸ್ ಸ್ಪೀಡ್‌ಗಿಂತ ಅದು ಕೆಳಗಿಳಿದಿದ್ದು, ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದ್ದರೆ, ಸಿಪಿಯು ಬಿಸಿಗೆ ತಾನಾಗಿಯೇ ನಿಧಾನವಾಗಿರಬಹುದು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಗಾಳಿ ಹೋಗುವ ಕಿಂಡಿಯ ಧೂಳನ್ನು ಒಣಗಿದ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.